ಓಡುವ ಬೋಟಿಗೆ ಬ್ರೇಕಿಲ್ಲ



ಈ ಅಂಕಣದಲ್ಲಿ ಇಷ್ಟು ದಿನ ನೀರಿನ ಪಂಪು, ಕಟ್ಟಡದ ಲಿಫ್ಟು, ಹೋಟೆಲಿನ ಹಿಟ್ಟು ರುಬ್ಬುವ ಯಂತ್ರ ಎಂದು ನೆಲದ ಮೇಲೆಯೇ ತಿರುಗುತ್ತಿದ್ದವನು ಈ ಸಲ ನಿಮ್ಮನ್ನು ಕಡಲಿಗೆ ಇಳಿಸುತ್ತಿದ್ದೇನೆ. ಅದಕ್ಕೆ ಕಾರಣ ಒಬ್ಬ ಹುಡುಗ. ಕುಂದಾಪುರದ ಕಡೆಯವನು. ಅಜ್ಜ ನಾಡದೋಣಿಯವರು, ತಂದೆ ಟ್ರಾಲರ್ ಬೋಟಿನವರು. ಇವನು ಮಾಂಡವಾದಲ್ಲಿ ಬಂಗಲೆ ಇರುವ ಒಬ್ಬ ಸೇಠರ ಸ್ಪೀಡ್ ಬೋಟ್ ಓಡಿಸುತ್ತಾನೆ. ನಮ್ಮ ಸಂಘದ ಸತ್ಯನಾರಾಯಣ ಪೂಜೆಯ ದಿನ ಪ್ರಸಾದದ ಸಾಲಿನಲ್ಲಿ ನನ್ನ ಹಿಂದೆ ನಿಂತವನು, "ಮಾವ, ಬೋಟ್ ಕೈಗೇ ಸಿಕ್ಕುದಿಲ್ಲ ಕಾಣಿ, ಎಂತ ಮಾಡೂದ್?" ಎಂದು ಕೇಳಿದ.

ಬೋಟು 24 ಅಡಿಯದು. ಹಿಂದೆ ಒಂದೇ ಎಂಜಿನ್, 300 ಅಶ್ವಶಕ್ತಿ. ಮೂವತ್ತು ನಾಟ್ ದಾಟಿದರೆ ಮೂತಿ ಕುದುರೆಯ ಹಾಗೆ ಮೇಲೆ ಕೆಳಗೆ ಕುಣಿಯುತ್ತದೆ, ಸ್ಟಿಯರಿಂಗ್ ಬಲಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ. ಸೇಠರಿಗೆ ಯಾರೋ ಇನ್ನೂ ದೊಡ್ಡ ಎಂಜಿನ್ ಹಾಕಿಸಿ ಎಂದು ಹೇಳಿದ್ದಾರಂತೆ. ಭಾನುವಾರ ಸೇಠರ ಮಗನೇ ಸ್ಟಿಯರಿಂಗಿಗೆ ಕೂರುತ್ತಾನೆ, ಬೋಟಿನಲ್ಲಿ ಅವನ ಗೆಳೆಯರ ಮಕ್ಕಳೂ ಇರುತ್ತಾರೆ. "ಏನಾದರೂ ಆದರೆ ಹೆಸರು ನನ್ನದೇ ಅಲ್ಲವಾ ಮಾವ?" ಎಂದ. ಮೂವತ್ತು ವರ್ಷ ಬೋಟಿನ ಎಂಜಿನ್‌ಗಳ ಎಣ್ಣೆ ಕೈಗೆ ಹಚ್ಚಿಕೊಂಡವನು ನಾನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಸ್ವಂತ ಬೋಟು ಇರುವವರು ಬೆರಳೆಣಿಕೆಯವರು ಇರಬಹುದು. ಆದರೆ ಗೇಟ್ ವೇ ಆಫ್ ಇಂಡಿಯಾದಿಂದ ಎಲಿಫೆಂಟಾಕ್ಕೋ ಅಲಿಬಾಗಿಗೋ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗದವರು ಯಾರಿದ್ದೀರಿ?

ಮೊದಲು ಒಂದು ಮಾತು. ನಮ್ಮ ನಾಡದೋಣಿ, ಎಲಿಫೆಂಟಾದ ಮರದ ಲಾಂಚ್ ಇವೆಲ್ಲ ನೀರನ್ನು ಸರಿಸಿಕೊಂಡು ಹೋಗುವ ದೋಣಿಗಳು. ಎಷ್ಟೇ ಎಂಜಿನ್ ಕೊಡಿ, ತನ್ನ ಉದ್ದಕ್ಕೆ ತಕ್ಕ ಒಂದು ವೇಗಕ್ಕಿಂತ ಆಚೆ ಅವು ಸುಲಭವಾಗಿ ಹೋಗಲಾರವು, ತಾವೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಕೂತಿರುತ್ತವೆ. ಸ್ಪೀಡ್ ಬೋಟಿನ ಜಾತಿ ಬೇರೆ. ಅದು ತನ್ನ ಮುಂದಿನ ಅಲೆಯನ್ನು ಹತ್ತಿ ನೀರಿನ ಮೇಲಕ್ಕೆ ಬಂದು ಜಾರುತ್ತದೆ. ಹಾಗೆ ಜಾರುವಾಗ ನೀರಿಗೆ ತಾಗುವುದು ಹಿಂಭಾಗದ ಸ್ವಲ್ಪ ಜಾಗ ಮಾತ್ರ. ಇಡೀ ಬೋಟು, ಅದರಲ್ಲಿ ಕೂತವರು, ಪೆಟ್ರೋಲು, ಲಂಗರು ಎಲ್ಲವೂ ಆ ಸ್ವಲ್ಪ ಜಾಗದ ಮೇಲೆ ನಿಂತಿವೆ. ಆದ್ದರಿಂದಲೇ ನಿಧಾನಕ್ಕೆ ಹೋಗುವಾಗ ಗೊತ್ತೇ ಆಗದ ಸಣ್ಣ ಸಣ್ಣ ಕೊರತೆಗಳು ಮೂವತ್ತು ನಾಟ್ ಮೇಲೆ ದೆವ್ವದ ಹಾಗೆ ಎದ್ದು ಬರುತ್ತವೆ. 35 ನಾಟ್ ಎಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್, ಒಂದು ಸೆಕೆಂಡಿಗೆ 18 ಮೀಟರ್. ಕಾರಿನಲ್ಲಿ ಇದು ದೊಡ್ಡ ವೇಗವಲ್ಲ. ಆದರೆ ಕಾರಿಗೆ ಬ್ರೇಕ್ ಇದೆ, ರಸ್ತೆ ಅಲುಗಾಡುವುದಿಲ್ಲ.

ಇನ್ನು ಆ ಹುಡುಗನ ದೂರುಗಳಿಗೆ ಬರೋಣ.

ಮೂತಿ ಕುಣಿಯುವುದು. ಎಂಜಿನನ್ನು ಬೋಟಿನಿಂದ ಹೊರಕ್ಕೂ ಒಳಕ್ಕೂ ವಾಲಿಸಲು ಥ್ರಾಟಲ್ ಹಿಡಿಕೆಯ ಮೇಲೆಯೇ ಒಂದು ಗುಂಡಿ ಇರುತ್ತದೆ. ಅದಕ್ಕೆ ಟ್ರಿಮ್ ಎನ್ನುತ್ತಾರೆ. ಎಂಜಿನನ್ನು ಹೊರಕ್ಕೆ ವಾಲಿಸಿದಷ್ಟು ಮೂತಿ ಏರುತ್ತದೆ, ನೀರಿಗೆ ತಾಗುವ ಜಾಗ ಕಡಿಮೆಯಾಗಿ ವೇಗ ಸಿಗುತ್ತದೆ. ಆ ವೇಗದ ಆಸೆಗೆ ಬಿದ್ದು ಜನ ಗುಂಡಿ ಒತ್ತುತ್ತಲೇ ಇರುತ್ತಾರೆ. ಒಂದು ಹಂತ ದಾಟಿದರೆ ಮೂತಿಯನ್ನು ಎತ್ತಿ ಹಿಡಿಯುವಷ್ಟು ಆಸರೆ ನೀರಿನಲ್ಲಿ ಉಳಿಯುವುದಿಲ್ಲ. ಮೂತಿ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಇದಕ್ಕೆ ಮದ್ದು ಸುಲಭ: ಕುಣಿತ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ವಾಲಿಸಬೇಕು. ಆದರೆ ಬಹಳ ಸಲ ಬೇರು ಬೇರೆ ಕಡೆ ಇರುತ್ತದೆ. ನಾನು ಹುಡುಗನಿಗೆ, "ಹಿಂದಿನ ಪೆಟ್ಟಿಗೆಯಲ್ಲಿ ಏನೇನು ತುಂಬಿದ್ದೀಯಾ?" ಎಂದು ಕೇಳಿದೆ. ಎರಡು ಬ್ಯಾಟರಿ, ಐಸ್ ಪೆಟ್ಟಿಗೆ, ಹೆಚ್ಚಿನ ಪೆಟ್ರೋಲಿನ ಎರಡು ಕ್ಯಾನ್, ಹಗ್ಗದ ರಾಶಿ, ಮೇಲೆ ಹಿಂದಿನ ಸೀಟಿನಲ್ಲಿ ಸೇಠರ ನಾಲ್ವರು ಗೆಳೆಯರು. ಅವರಲ್ಲಿ ಯಾರೂ ಬಡಕಲಲ್ಲ. ಇಷ್ಟು ಭಾರ ಹಿಂದೆ ಕೂತರೆ ಯಾವ ಬೋಟಿನ ಮೂತಿ ತಾನೇ ಸುಮ್ಮನಿರುತ್ತದೆ? ಐಸ್ ಪೆಟ್ಟಿಗೆ, ಹಗ್ಗ ಎಲ್ಲ ಮುಂದಕ್ಕೆ ಹೋದ ದಿನವೇ ಅರ್ಧ ಕುಣಿತ ಹೋಯಿತು ಎಂದು ಆಮೇಲೆ ಫೋನು ಮಾಡಿದ. ಕಾಸು ಖರ್ಚಿಲ್ಲದ ರಿಪೇರಿ.

ಹಾಗೆಂದು ಎಲ್ಲ ಭಾರವನ್ನೂ ಮುಂದೆ ತುಂಬಬಾರದು. ಹಿಂದಿನಿಂದ ಅಲೆ ಬರುವಾಗ ಮೂತಿ ಭಾರವಾಗಿದ್ದರೆ ಅದು ಮುಂದಿನ ಅಲೆಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗಿ ಬೋಟು ಅಡ್ಡ ಬೀಳುತ್ತದೆ. ಎದುರು ಅಲೆಗೆ ಮೂತಿ ತಗ್ಗಿಸು, ಬೆನ್ನಿನ ಅಲೆಗೆ ಮೂತಿ ಎತ್ತು. ಇದನ್ನು ಅವನ ಅಜ್ಜನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದುರು ಅಲೆಗೆ ಮೂತಿ ತಗ್ಗಿಸುವುದು ಏಕೆಂದರೆ, ಬೋಟಿನ ಅಡಿಯ ಚೂಪಾದ ಭಾಗ ಮುಂದೆಯೇ ಇರುತ್ತದೆ, ಅದು ಅಲೆಯನ್ನು ಕೊಯ್ಯಬೇಕು. ಅಡಿಭಾಗವನ್ನು ಹಿಂದಿನ ತುದಿಯವರೆಗೂ ಆಳವಾದ ವಿ ಆಕಾರದಲ್ಲಿ ಮಾಡಿದರೆ ಒರಟು ನೀರಿನಲ್ಲಿ ಪೆಟ್ಟು ಕಡಿಮೆ ಎಂದು ತೋರಿಸಿಕೊಟ್ಟವರು ಅಮೆರಿಕದ ರೇ ಹಂಟ್. ಅವರು ರೂಪಿಸಿದ ಬೋಟಿನಲ್ಲಿ ಡಿಕ್ ಬರ್ಟ್ರಮ್ 1960ರಲ್ಲಿ ಮಯಾಮಿಯಿಂದ ನಸ್ಸಾವಿನವರೆಗಿನ ಪಂದ್ಯವನ್ನು ಕೆಟ್ಟ ಕಡಲಿನಲ್ಲಿ ಗೆದ್ದ ಮೇಲೆ ಲೋಕವೆಲ್ಲ ಆ ಆಕಾರವನ್ನು ಹಿಡಿಯಿತು. ಈ ಹುಡುಗನ ಬೋಟೂ ಅದೇ ವಂಶದ್ದು. ಆದರೆ ಆ ಆಕಾರಕ್ಕೆ ಒಂದು ದೋಷವೂ ಇದೆ. ತೀರಾ ಹೆಚ್ಚಿನ ವೇಗದಲ್ಲಿ ಅದು ನಡು ಗೆರೆಯ ಮೇಲೆ ನಿಂತು ಎಡಕ್ಕೂ ಬಲಕ್ಕೂ ಹೊರಳತೊಡಗುತ್ತದೆ. ಮೊದಲು ಸಣ್ಣಗೆ, ಆಮೇಲೆ ಒಂದಕ್ಕಿಂತ ಒಂದು ಜೋರಾಗಿ. ಚಾಲಕ ಹೆದರಿ ಸ್ಟಿಯರಿಂಗನ್ನು ಆಚೆ ಈಚೆ ತಿರುಗಿಸಿದಷ್ಟೂ ಅದು ಹೆಚ್ಚುತ್ತದೆ, ಏಕೆಂದರೆ ಅವನ ಕೈ ಯಾವಾಗಲೂ ಬೋಟಿಗಿಂತ ಒಂದು ಕ್ಷಣ ಹಿಂದೆ ಇರುತ್ತದೆ. ಆಗ ಮಾಡಬೇಕಾದದ್ದು ಒಂದೇ: ಥ್ರಾಟಲನ್ನು ಮೆಲ್ಲಗೆ ಇಳಿಸಿ ಟ್ರಿಮ್ ಒಳಕ್ಕೆ ತರುವುದು. ಒಮ್ಮೆಲೇ ಪೂರ್ತಿ ಇಳಿಸಿದರೆ ಮೂತಿ ಮುಗ್ಗರಿಸುತ್ತದೆ.

ಈ ಹೊರಳಾಟಕ್ಕೂ ಸ್ಟಿಯರಿಂಗ್ ಸಡಿಲವಾಗಿರುವುದಕ್ಕೂ ನೇರ ನಂಟು. ಬೋಟು ಟ್ರಾಲಿಯ ಮೇಲೆ ಇರುವಾಗ ಒಬ್ಬನು ಸ್ಟಿಯರಿಂಗ್ ಹಿಡಿದುಕೊಳ್ಳಲಿ, ಇನ್ನೊಬ್ಬನು ಹಿಂದೆ ನಿಂತು ಎಂಜಿನನ್ನು ಎರಡೂ ಕೈಯಿಂದ ಎಡಕ್ಕೆ ಬಲಕ್ಕೆ ಅಲುಗಾಡಿಸಲಿ. ಸ್ಟಿಯರಿಂಗ್ ಅಲುಗದೆ ಎಂಜಿನ್ ಮಾತ್ರ ಅಲುಗಿದರೆ ನಡುವೆ ಎಲ್ಲೋ ಸಡಿಲವಿದೆ. ಇಷ್ಟು ದೊಡ್ಡ ಎಂಜಿನ್ನಿಗೆ ಬರೀ ಕೇಬಲ್ ಸ್ಟಿಯರಿಂಗ್ ಸಲ್ಲದು, ಹೈಡ್ರಾಲಿಕ್ ಬೇಕು. ಹೈಡ್ರಾಲಿಕ್ ಇದ್ದೂ ಸಡಿಲವಾಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿರಬಹುದು, ಅಥವಾ ಎಣ್ಣೆ ಎಲ್ಲೋ ಸೋರುತ್ತಿರಬಹುದು. ಹುಡುಗನ ಬೋಟಿನಲ್ಲಿ ಆದದ್ದು ಇದೇ. ಗಾಳಿ ತೆಗೆದು ಎಣ್ಣೆ ತುಂಬಿಸಿದ ಮೇಲೆ ಬೋಟು "ಮಾತು ಕೇಳ್ತದೆ" ಎಂದ.

ಬಲಕ್ಕೆ ಎಳೆಯುವುದು ಬೇರೆ ಸಂಗತಿ. ಒಂದೇ ಎಂಜಿನ್ ಇರುವ ಬೋಟಿನಲ್ಲಿ ಪ್ರೊಪೆಲ್ಲರ್ (ಡಾಕಿನ ಹುಡುಗರ ಮಾತಿನಲ್ಲಿ ಪಂಖ) ಒಂದೇ ದಿಕ್ಕಿಗೆ ತಿರುಗುವುದರಿಂದ ಸ್ಟಿಯರಿಂಗನ್ನು ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಅದನ್ನು ಸರಿದೂಗಿಸಲು ಬಹಳಷ್ಟು ಎಂಜಿನ್‌ಗಳಲ್ಲಿ ಪ್ರೊಪೆಲ್ಲರಿನ ಮೇಲಿನ ತಟ್ಟೆಯ ಕೆಳಗೆ ಮೀನಿನ ರೆಕ್ಕೆಯಂಥ ಒಂದು ಸಣ್ಣ ತುಂಡು ಇರುತ್ತದೆ. ಅದರ ಬೋಲ್ಟ್ ಸಡಿಲಿಸಿ, ಬೋಟು ಯಾವ ಕಡೆಗೆ ಎಳೆಯುತ್ತದೋ ಅದರ ಹಿಂದಿನ ಅಂಚನ್ನು ಅದೇ ಕಡೆಗೆ ಸ್ವಲ್ಪ ತಿರುಗಿಸಿ ಬಿಗಿಯಬೇಕು. ಕೇಳಲು ವಿಚಿತ್ರವಾದರೂ ಹಾಗೆಯೇ. ಇದು ಬರೀ ಕೈ ನೋವಿನ ವಿಷಯವಲ್ಲ. ಒಮ್ಮೆ ಎಂಜಿನ್ ಪರೀಕ್ಷೆಗೆಂದು ಹೊರಟ ಬೋಟಿನಲ್ಲಿ ನಾನಿದ್ದೆ. ಓಡಿಸುತ್ತಿದ್ದವನು ಹಾರಿಹೋಗುತ್ತಿದ್ದ ಟೋಪಿ ಹಿಡಿಯಲು ಒಂದು ಕ್ಷಣ ಸ್ಟಿಯರಿಂಗ್ ಬಿಟ್ಟ. ಅದು ತಾನಾಗಿಯೇ ಗಿರಕ್ಕನೆ ಬಲಕ್ಕೆ ತಿರುಗಿತು. ನಾನು ನೆಲಕ್ಕೆ ಬಿದ್ದೆ, ನಮ್ಮ ಸಹಾಯಕ ಹುಡುಗನ ಅರ್ಧ ಮೈ ಬೋಟಿನ ಹೊರಗಿತ್ತು. ಅವನ ಬೆಲ್ಟು ನನ್ನ ಕೈಗೆ ಸಿಕ್ಕಿತು, ಅಷ್ಟೇ. ಟೋಪಿ ಹೋಯಿತು.

ತಿರುವಿನಲ್ಲಿ ಎಂಜಿನ್ ಕಿರುಚುವುದು ಎಂದರೆ ಪ್ರೊಪೆಲ್ಲರಿಗೆ ನೀರಿನ ಬದಲು ಮೇಲಿನ ಗಾಳಿ ಸಿಕ್ಕಿದೆ ಎಂದರ್ಥ. ಟ್ರಿಮ್ ಹೊರಗಿಟ್ಟುಕೊಂಡೇ ತಿರುಗಿಸಿದರೆ ಹೀಗಾಗುತ್ತದೆ. ತಿರುವಿಗೆ ಮೊದಲು ವೇಗ ಇಳಿಸಿ, ಟ್ರಿಮ್ ಒಳಕ್ಕೆ ತಂದು, ಆಮೇಲೆ ತಿರುಗಿಸಬೇಕು. ನಮ್ಮ ಘಾಟಿಯಲ್ಲಿ ಒಳ್ಳೆಯ ಬಸ್ ಡ್ರೈವರ್ ಗೇರ್ ಬದಲಿಸುವುದು ತಿರುವಿಗೆ ಮೊದಲೋ, ತಿರುವಿನ ನಡುವೆಯೋ? ಹಾಗೆ ಮಾಡಿದರೂ ಕಿರುಚಿದರೆ ಎಂಜಿನನ್ನು ಕೂರಿಸಿದ ಎತ್ತರ ನೋಡಬೇಕು. ಆ ಮೇಲಿನ ತಟ್ಟೆ ಬೋಟಿನ ಅಡಿಯ ಮಟ್ಟಕ್ಕೆ ಸುಮಾರಾಗಿ ಸಮವಾಗಿರಬೇಕು.

ಪ್ರೊಪೆಲ್ಲರಿನ ಆಯ್ಕೆಯ ಬಗ್ಗೆ ಒಂದು ಇಡೀ ಸಂಚಿಕೆ ಬರೆಯಬಹುದು, ಸಂಪಾದಕರು ಬಿಡಲಾರರು. ಇಷ್ಟು ತಿಳಿದಿರಲಿ: ಎಂಜಿನ್ನಿನ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತಲುಪಬೇಕು ಎಂದು ಬರೆದಿರುತ್ತದೆ. ದಿನನಿತ್ಯದ ಭಾರ ತುಂಬಿ ಓಡಿಸಿದಾಗ ಅಲ್ಲಿಗೆ ತಲುಪದಿದ್ದರೆ ಪ್ರೊಪೆಲ್ಲರಿನ ಪಿಚ್ ಹೆಚ್ಚಾಯಿತು, ದಾಟಿದರೆ ಕಡಿಮೆಯಾಯಿತು. ಒಂದು ಇಂಚು ಪಿಚ್ ಕಡಿಮೆ ಮಾಡಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಮೂರು ಎಲೆಯದಕ್ಕಿಂತ ನಾಲ್ಕು ಎಲೆಯದು ತಿರುವಿನಲ್ಲಿಯೂ ಒರಟು ನೀರಿನಲ್ಲಿಯೂ ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ತುದಿ ವೇಗ ಸ್ವಲ್ಪ ಹೋದರೂ ಹೋದೀತು. ಮಕ್ಕಳನ್ನು ಕೂರಿಸಿಕೊಳ್ಳುವ ಬೋಟಿಗೆ ನಾನು ನಾಲ್ಕು ಎಲೆಯದನ್ನೇ ಹೇಳುತ್ತೇನೆ. ಮತ್ತೆ ಮುಂಬಯಿಯ ನೀರಿನಲ್ಲಿ ಪ್ರೊಪೆಲ್ಲರಿಗೆ ದೊಡ್ಡ ಶತ್ರು ಪ್ಲಾಸ್ಟಿಕ್ ಚೀಲ. ಇದ್ದಕ್ಕಿದ್ದಂತೆ ನಡುಕ ಬಂದರೆ, ಎಂಜಿನ್ ಬಿಸಿಯಾದರೆ, ಮೊದಲು ಎಂಜಿನ್ ನಿಲ್ಲಿಸಿ ಮೇಲೆತ್ತಿ ನೋಡಿ.

ಒಂದು ಎಚ್ಚರಿಕೆ. ಇವನ್ನೆಲ್ಲ ಒಂದೇ ದಿನ ಬದಲಿಸಬೇಡಿ. ಒಂದನ್ನು ಬದಲಿಸಿ, ಓಡಿಸಿ, ಪುಸ್ತಕದಲ್ಲಿ ಬರೆದಿಡಿ, ಆಮೇಲೆ ಇನ್ನೊಂದು. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಆ ದೇವರಿಗೂ ಗೊತ್ತಾಗದು.

ಓಡಿಸಿ ನೋಡುವುದು ಎಲ್ಲಿ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 2024ರ ಡಿಸೆಂಬರ್ 18ರ ಸಂಜೆ ನಾಲ್ಕರ ಹೊತ್ತಿಗೆ ಗೇಟ್ ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ್ ಎಂಬ ಫೆರಿಗೆ ನೌಕಾಪಡೆಯ ಸ್ಪೀಡ್ ಬೋಟೊಂದು ಬಂದು ಅಪ್ಪಳಿಸಿತು. ಫೆರಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಎಂಜಿನ್ ಪರೀಕ್ಷೆ ನಡೆಯುತ್ತಿದ್ದಾಗ ಎಂಜಿನ್ ದೋಷದಿಂದ ಹತೋಟಿ ತಪ್ಪಿತು ಎಂದು ನೌಕಾಪಡೆ ತಿಳಿಸಿತು. ಸತ್ತವರು ಒಟ್ಟು 15 ಮಂದಿ, ಅವರಲ್ಲಿ ಮಕ್ಕಳೂ ಇದ್ದರು, ಆ ಸ್ಪೀಡ್ ಬೋಟಿನಲ್ಲಿದ್ದವರೂ ಇದ್ದರು. ಫೆರಿಯಿಂದ ಯಾರೋ ಮೊಬೈಲಿನಲ್ಲಿ ಹಿಡಿದ ಚಿತ್ರವನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ದೂರದಲ್ಲಿ ಬೋಟು ಸುತ್ತು ಹಾಕುತ್ತದೆ, ತಿರುಗುತ್ತದೆ, ನೇರ ಬರುತ್ತದೆ. ಜನ ಅದನ್ನು ಮೋಜೆಂದು ನೋಡುತ್ತಿದ್ದಾರೆ. ನಾನು ಆ ಚಿತ್ರವನ್ನು ಎರಡನೆಯ ಸಲ ನೋಡಲಿಲ್ಲ. ಅಂದು ನುರಿತವರ ಕೈಯಲ್ಲಿದ್ದ ಬೋಟಿಗೇ ಹಾಗಾಯಿತು. ಭಾನುವಾರದ ಸವಾರರು ಹೊಸ ಪ್ರೊಪೆಲ್ಲರ್ ಹಾಕಿಸಿ ಫೆರಿಗಳ ದಾರಿಯಲ್ಲೇ ಎಂಟರ ಆಕಾರ ಬಿಡಿಸುವುದನ್ನು ಕಂಡರೆ ಹೊಟ್ಟೆ ಕಲಕುತ್ತದೆ. ಯಂತ್ರ ಯಾವತ್ತೋ ಒಂದು ದಿನ ಕೈ ಕೊಡುತ್ತದೆ. ಆ ದಿನ ಮುಂದೆ ಯಾರೂ ಇರಬಾರದು. ಬೆಳಗ್ಗೆ, ಗಾಳಿ ಏಳುವ ಮೊದಲು, ಫೆರಿ ದಾರಿಯಿಂದ ದೂರ, ಬೋಟಿನಲ್ಲಿ ಬೇಕಾದ ಇಬ್ಬರೇ.

ಜಾಗ ಆರಿಸುವಾಗ ಕೋಳಿ ಬಂಧುಗಳನ್ನು ಕೇಳಿ. ಅವರು ಹರಿವಿಗೆ ಎದುರಾಗಿ ಕಟ್ಟಿದ ಡೋಲ್ ಬಲೆ ಎಲ್ಲಿದೆ, ಓಹೋಟಿಯಲ್ಲಿ ಯಾವ ಬಂಡೆ ತಲೆ ಎತ್ತುತ್ತದೆ ಎಂದು ಅವರಿಗೆ ಗೊತ್ತು. ದೊಡ್ಡ ಭರತಿಯ ದಿನಗಳಲ್ಲಿ ಮುಂಬಯಿಯಲ್ಲಿ ನೀರು ಐದು ಮೀಟರಿನ ಹತ್ತಿರ ಏರಿಳಿಯುತ್ತದೆ. ಬೆಳಗ್ಗೆ ಮುಳುಗಿದ್ದ ಬಂಡೆ ಮಧ್ಯಾಹ್ನ ಬೋಟಿನ ಹೊಟ್ಟೆಯ ಮಟ್ಟದಲ್ಲಿರುತ್ತದೆ. 2018ರ ಅಕ್ಟೋಬರ್‌ನಲ್ಲಿ ಶಿವಾಜಿ ಸ್ಮಾರಕದ ಜಾಗಕ್ಕೆ ಹೊರಟಿದ್ದ ಸ್ಪೀಡ್ ಬೋಟೊಂದು ಬಂಡೆಗೆ ಬಡಿದು ಮುಳುಗಿ ಒಬ್ಬರು ಜೀವ ಕಳೆದುಕೊಂಡದ್ದು ನೆನಪಿರಬಹುದು. ಓಹೋಟಿಯ ನೀರು ಹೊರಕ್ಕೆ ಹರಿಯುವಾಗ ಎದುರಿನಿಂದ ಪಡುಗಾಳಿ ಬೀಸಿದರೆ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಅದೇ ಗಾಳಿಯಲ್ಲಿ ಭರತಿಯ ಹೊತ್ತಿಗೆ ಕಡಲು ಎಷ್ಟೋ ಮೆತ್ತಗಿರುತ್ತದೆ. ಬೋಟು ಕುಣಿಯುತ್ತದೆ ಎಂದು ದೂರುವ ಮೊದಲು ಗಡಿಯಾರವನ್ನೂ ನೀರಿನ ಹೊತ್ತನ್ನೂ ನೋಡಿ.

ಇನ್ನು ಉಳಿದದ್ದು ಒಂದು ಕೆಂಪು ದಾರ. ಸ್ಟಿಯರಿಂಗಿನ ಹತ್ತಿರ ಒಂದು ಸ್ವಿಚ್ಚು, ಅದಕ್ಕೆ ಸಿಕ್ಕಿಸಿದ ಸುರುಳಿ ಸುರುಳಿಯಾದ ಕೆಂಪು ದಾರ. ಅದರ ಇನ್ನೊಂದು ತುದಿಯನ್ನು ಚಾಲಕ ತನ್ನ ತೊಡೆಗೋ ಲೈಫ್ ಜಾಕೆಟಿಗೋ ಸಿಕ್ಕಿಸಿಕೊಳ್ಳಬೇಕು. ಅವನು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಎಂಬ ಊರಿನ ಹತ್ತಿರ ಒಂದು ಕುಟುಂಬದ ಆರು ಜನರೂ ಹೀಗೆ ಬಿಗಿ ತಿರುವಿನಲ್ಲಿ ಬೋಟಿನಿಂದ ಹೊರಗೆ ಎಸೆಯಲ್ಪಟ್ಟರು. ದಾರ ಯಾರ ಮೈಗೂ ಕಟ್ಟಿರಲಿಲ್ಲ. ಖಾಲಿ ಬೋಟು ಎಂಜಿನ್ ಓಡುತ್ತಲೇ ಸುತ್ತು ಹಾಕಿ ಬಂದು ನೀರಿನಲ್ಲಿದ್ದ ಅವರ ಮೇಲೆಯೇ ಹರಿಯಿತು. ತಂದೆಯೂ ಎಂಟು ವರ್ಷದ ಮಗಳೂ ಸತ್ತರು. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ವೇಗವಾಗಿ ಓಡುವಾಗ ಈ ಸ್ವಿಚ್ಚಿಗೆ ಚಾಲಕ ಜೋಡಿಸಿಕೊಂಡಿರಬೇಕು ಎಂದು ಕಾನೂನೇ ಆಯಿತು.

"ನಿನ್ನ ಬೋಟಿನಲ್ಲಿ ಆ ದಾರ ಎಲ್ಲಿದೆ?" ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ಅದು ಸ್ಟಿಯರಿಂಗಿನ ಕಡ್ಡಿಗೇ ಸುತ್ತಿಕೊಂಡು ತಿಂಗಳುಗಳೇ ಆಗಿದ್ದವು. ಸೇಠರ ಮಗನಿಗೆ ಓಡಾಡಲು ಅಡ್ಡಿಯಾಗುತ್ತದಂತೆ. ನಾನು ಬೈದೆ, ಸ್ವಲ್ಪ ಜೋರಾಗಿಯೇ ಬೈದೆ. ಪ್ರಸಾದದ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೌಕರಿಯ ಹುಡುಗ ಸೇಠರ ಮಗನಿಗೆ ಹೇಗೆ ಹೇಳಬೇಕು ಎಂಬುದು ಅವನ ಕಷ್ಟ, ಅದು ನನಗೂ ಗೊತ್ತು. ಆದ್ದರಿಂದ ಒಂದು ಉಪಾಯ ಹೇಳಿಕೊಟ್ಟೆ. ದಿನವೂ ಬೆಳಗ್ಗೆ ಎಂಜಿನ್ ಚಾಲು ಮಾಡಿ, ಜೆಟ್ಟಿಯಲ್ಲಿಯೇ ಆ ದಾರ ಎಳೆದು ಎಂಜಿನ್ ನಿಲ್ಲುತ್ತದೆಯೇ ನೋಡು. ಎಲ್ಲರ ಎದುರಿಗೆ, ದೊಡ್ಡ ಪೂಜೆಯ ಹಾಗೆ ಮಾಡು. ಯಾರು ಸ್ಟಿಯರಿಂಗಿಗೆ ಕೂತರೂ ನೀನೇ ಕೈಯಾರೆ ದಾರ ಸಿಕ್ಕಿಸು, ಕಾರಿನ ಬಾಗಿಲು ತೆಗೆದ ಹಾಗೆ, ಮರ್ಯಾದೆಯಿಂದ. ಇನ್ನೊಂದು ದಾರ ಕೊಂಡು ಬೋಟಿನಲ್ಲಿಯೇ ಇಡು. ಚಾಲಕ ದಾರದ ಸಮೇತ ನೀರಿಗೆ ಬಿದ್ದರೆ ಬೋಟಿನಲ್ಲಿ ಉಳಿದವರು ಎಂಜಿನ್ ಚಾಲು ಮಾಡಿ ಅವನನ್ನು ಎತ್ತಿಕೊಳ್ಳಬೇಕಲ್ಲ!

ಕಳೆದ ವಾರ ಫೋನು ಬಂತು. ದೊಡ್ಡ ಎಂಜಿನ್ನಿನ ಮಾತು ಸದ್ಯಕ್ಕೆ ನಿಂತಿದೆ. ಬಲಕ್ಕೆ ಎಳೆಯುವುದು ಇನ್ನೂ ಸ್ವಲ್ಪ ಉಳಿದಿದೆಯಂತೆ, ಆ ರೆಕ್ಕೆಯ ಬೋಲ್ಟ್ ತುಕ್ಕು ಹಿಡಿದು ಬಿಡಿಸಲಾಗುತ್ತಿಲ್ಲ. ಬಲವಂತ ಮಾಡಬೇಡ, ಎರಡು ದಿನ ಎಣ್ಣೆ ಬಿಟ್ಟು ನೋಡು ಎಂದಿದ್ದೇನೆ. ದಾರದ ವಿಷಯ ಕೇಳಿದೆ. ಸೇಠರ ಮಗ ಮೊದಲ ದಿನ ನಕ್ಕನಂತೆ. ಎರಡನೆಯ ವಾರ ಅವನ ಹೆಂಡತಿಯೇ, "ದಾರ ಎಲ್ಲಿ?" ಎಂದು ಕೇಳಿದಳಂತೆ.

ಮಳೆಗಾಲ ಬಂದರೆ ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಈ ಬೋಟುಗಳಿಗೆ ರಜೆ. ಮೂರು ತಿಂಗಳು ಉಪ್ಪುಗಾಳಿಯಲ್ಲಿ ಸುಮ್ಮನೆ ಕೂರುವ ಎಂಜಿನನ್ನು ಹೇಗೆ ತೊಳೆದು, ಎಣ್ಣೆ ಹಾಕಿ ಕಟ್ಟಿಡಬೇಕು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಊರಿನ ಮನೆಯಲ್ಲಿ ಪಂಪು ಬಿಟ್ಟು ಬಂದವರಿಗೂ ಅದು ಉಪಯೋಗಕ್ಕೆ ಬಂದೀತು.